ಸಂಬಳದ ಕಡಿತದಲ್ಲಿ ಬಂದ ಸೈಕಲ್

‘ಸಂಬಳದಲ್ಲೇ ಸೈಕಲ್, ಶೇ 30ರವರೆಗೆ ಉಳಿತಾಯ’ ಎಂಬ ಸುತ್ತೋಲೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪ್ರಧಾನ ಕಚೇರಿಯಿಂದ ಬಂತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಶಾಖೆಯಲ್ಲಿ ಅದನ್ನು ಕೊನೆಯ ಪುಟದವರೆಗೂ ಓದಿದವಳು ಬಹುಶಃ ನಾನೊಬ್ಬಳೇ. ಸಂಬಳದ ಪಟ್ಟಿ ತಯಾರಿಸುವವಳಿಗೆ ಬೇರೆ ಗತಿ ಇಲ್ಲ. ಓದಿದೆ, ಲೆಕ್ಕ ಹಾಕಿದೆ. ಆ ಶೇ 30 ಮಾತ್ರ ಎಲ್ಲಿಯೂ ಸಿಗಲಿಲ್ಲ. ಆದರೂ ಸೈಕಲ್ ತೆಗೆದುಕೊಂಡೆ. ಕಂತುಗಳೆಲ್ಲ ಮುಗಿದು ಸೈಕಲ್ ಈಗ ನನ್ನ ಹೆಸರಿಗೆ ಬಂದಿದೆ. ಇಂಥ ಯೋಜನೆ ನಿಮ್ಮ ಕಚೇರಿಗೂ ಬಂದರೆ ಸಹಿ ಹಾಕುವ ಮುನ್ನ ನೋಡಬೇಕಾದದ್ದು ಸಾಕಷ್ಟಿದೆ.

ಯೋಜನೆಯ ಹೂರಣ ಇಷ್ಟು. ನೀವು ಆರಿಸಿದ ಸೈಕಲನ್ನು ಕಂಪನಿ ತನ್ನ ಹೆಸರಿನಲ್ಲಿ ಖರೀದಿಸುತ್ತದೆ. ಒಂದು ವರ್ಷ ಅದನ್ನು ನಿಮಗೆ ಬಳಸಲು ಕೊಡುತ್ತದೆ. ಅದರ ಬೆಲೆಯನ್ನು ಹನ್ನೆರಡು ಪಾಲು ಮಾಡಿ ಪ್ರತಿ ತಿಂಗಳ ಒಟ್ಟು ಸಂಬಳದಿಂದಲೇ ತಗ್ಗಿಸುತ್ತದೆ. ವರ್ಷ ತುಂಬಿದ ಮೇಲೆ ಒಂದು ರೂಪಾಯಿ ಪಡೆದು ನಿಮಗೆ ವರ್ಗಾಯಿಸುತ್ತದೆ. ನನ್ನ ಸೈಕಲ್ಲಿಗೆ 19,800 ರೂಪಾಯಿ ಆಯಿತು, ತಿಂಗಳಿಗೆ 1,650ರಂತೆ ಹೋಯಿತು. ಬಡ್ಡಿ ಇಲ್ಲ, ಶುಲ್ಕ ಇಲ್ಲ. ಇಷ್ಟರ ಮಟ್ಟಿಗೆ ಯೋಜನೆ ನುಡಿದಂತೆ ನಡೆದುಕೊಂಡಿದೆ.

ತಕರಾರು ಇರುವುದು ಉಳಿತಾಯದ ಮಾತಿಗೆ. ಈ ಕಲ್ಪನೆ ಬ್ರಿಟನ್ನಿನದು. ಅಲ್ಲಿ 1999ರಲ್ಲಿ ಕಾನೂನನ್ನೇ ಮಾಡಿ, ಕೆಲಸಕ್ಕೆ ಹೋಗಿಬರಲು ಕಂಪನಿ ಕೊಡುವ ಸೈಕಲ್ಲಿಗೆ ತೆರಿಗೆ ವಿನಾಯಿತಿ ಕೊಟ್ಟರು. ಸಂಬಳದಲ್ಲಿ ಅಷ್ಟು ಹಣ ಬಿಟ್ಟುಕೊಟ್ಟವನಿಗೆ ಆದಾಯ ತೆರಿಗೆಯೂ ಉಳಿಯುತ್ತದೆ, ಅಲ್ಲಿನ ರಾಷ್ಟ್ರೀಯ ವಿಮೆಯ ವಂತಿಗೆಯೂ ಉಳಿಯುತ್ತದೆ. ನಮ್ಮಲ್ಲಿ ಅಂಥ ವಿನಾಯಿತಿ ಇಲ್ಲ. ಸುತ್ತೋಲೆ ಬರೆದವರು ಅಲ್ಲಿನ ಕರಪತ್ರವನ್ನು ಹಾಗೆಯೇ ಭಟ್ಟಿ ಇಳಿಸಿ, ಪೌಂಡ್ ಇದ್ದಲ್ಲಿ ರೂಪಾಯಿ ಹಾಕಿರಬೇಕು.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ನನಗೆ ಅನ್ವಯಿಸಿದ ಆದಾಯ ತೆರಿಗೆ ನಿಯಮದ ಪ್ರಕಾರ, ಕಂಪನಿಯ ಇಂಥ ವಸ್ತುವನ್ನು ನೌಕರ ಸ್ವಂತಕ್ಕೆ ಬಳಸಿದರೆ ಅದರ ಬೆಲೆಯ ಶೇ 10ರಷ್ಟನ್ನು ವರ್ಷಕ್ಕೊಂದು ಸವಲತ್ತು ಎಂದು ಅವನ ಆದಾಯಕ್ಕೆ ಸೇರಿಸಬೇಕು. ಲ್ಯಾಪ್‌ಟಾಪ್, ಕಂಪ್ಯೂಟರ್‌ಗಳಿಗೆ ವಿನಾಯಿತಿ ಉಂಟು, ಸೈಕಲ್ಲಿಗಿಲ್ಲ. 19,800ಕ್ಕೆ ಶೇ 10 ಎಂದರೆ 1,980. ಮುಂದೆ ವರ್ಷ ತುಂಬಿ ವಸ್ತುವನ್ನು ನೌಕರನಿಗೇ ವರ್ಗಾಯಿಸಿದಾಗ, ಪೂರ್ಣಗೊಂಡ ಪ್ರತಿ ವರ್ಷಕ್ಕೆ ಶೇ 10ರಂತೆ ಸವಕಳಿ ಕಳೆದು ಉಳಿದ ಬೆಲೆಯನ್ನೂ ಅವನ ಆದಾಯಕ್ಕೆ ಸೇರಿಸಬೇಕು. ಅದು 17,820. ಎರಡನ್ನೂ ಕೂಡಿ: 19,800. ಸಂಬಳದಿಂದ ಮುಂಬಾಗಿಲಲ್ಲಿ ಇಳಿದ ಮೊತ್ತ ಹಿಂಬಾಗಿಲಲ್ಲಿ ಪೈಸೆಯೂ ತಪ್ಪದೆ ಒಳಗೆ ಬಂತು. ವರ್ಗಾವಣೆಗೆ ನಾವು ಕೊಟ್ಟ ಒಂದು ರೂಪಾಯಿ ಮಾತ್ರ ಇದರಲ್ಲಿ ಕಡಿಮೆಯಾಗುತ್ತದೆ. ಈ ಹಾಳೆಯನ್ನು ನಮ್ಮ ಶಾಖಾ ವ್ಯವಸ್ಥಾಪಕರಿಗೆ ತೋರಿಸಿದಾಗ ಅವರು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದರು.

ಇನ್ನೂ ಒಂದು ವಿಷಯ. ಹೊಸ ತೆರಿಗೆ ಪದ್ಧತಿಯಲ್ಲಿ 2024–25ರಲ್ಲಿ 7,75,000 ರೂಪಾಯಿವರೆಗಿನ ವಾರ್ಷಿಕ ಸಂಬಳಕ್ಕೆ ತೆರಿಗೆಯೇ ಇರಲಿಲ್ಲ. 2025–26ಕ್ಕೆ ಆ ಮಿತಿ 12,75,000ಕ್ಕೆ ಏರಿತು. ನಮ್ಮ ಶಾಖೆಯಲ್ಲಿ ಈ ಗೆರೆ ದಾಟುವವರು ವ್ಯವಸ್ಥಾಪಕರೊಬ್ಬರೇ. ಅವರಿಗೋ ಕಾರಿದೆ. ಕಟ್ಟದ ತೆರಿಗೆಯಲ್ಲಿ ನಾವು ಉಳಿಸುವುದೇನನ್ನು?

ಹಾಗಾದರೆ ನನಗೆ ಆದ ಲಾಭವೇನು? ನೌಕರರ ಪತ್ತಿನ ಸಂಘದಲ್ಲಿ ಇದೇ ಮೊತ್ತವನ್ನು ಶೇ 11ರ ಬಡ್ಡಿಗೆ ಪಡೆದು ಹನ್ನೆರಡು ಕಂತುಗಳಲ್ಲಿ ತೀರಿಸಿದ್ದರೆ ಸುಮಾರು 1,200 ರೂಪಾಯಿ ಬಡ್ಡಿ ಬೀಳುತ್ತಿತ್ತು. ಅದು ಉಳಿಯಿತು. ಅಂಗಡಿಯವರು ಹೇಳುವ ‘ಬಡ್ಡಿರಹಿತ ಕಂತು’ ಕ್ರೆಡಿಟ್ ಕಾರ್ಡಿನ ಮೂಲಕ ಬಂದರೆ ಅದರಲ್ಲಿ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಎಂದು ಏನಾದರೊಂದು ಅಂಟಿಕೊಂಡೇ ಇರುತ್ತದೆ. ಆ ರಗಳೆಯೂ ತಪ್ಪಿತು. 1,200 ರೂಪಾಯಿ ಸಣ್ಣ ಮೊತ್ತವೇನಲ್ಲ, ಆದರೆ ಅದು ಶೇ 6. ಶೇ 30 ಅಲ್ಲ.

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿದ್ದವರು. ಸೈರನ್ ಕೂಗಿದ ಕೂಡಲೇ ಗೇಟಿನಿಂದ ರಸ್ತೆಯ ತುಂಬ ಸೈಕಲ್ಲುಗಳು ಹೊರಬೀಳುತ್ತಿದ್ದ ಕಾಲ ಅದು. ಅವರ ಸೈಕಲ್ ಬಂದದ್ದು ‘ಸೈಕಲ್ ಮುಂಗಡ’ದಲ್ಲಿ. ಅರ್ಜಿ ಕೊಡುವುದು, ಹಣ ಪಡೆಯುವುದು, ಸೈಕಲ್ ಕೊಂಡು ರಸೀದಿ ತೋರಿಸುವುದು, ಸಂಬಳದಲ್ಲಿ ಮುರಿಸಿಕೊಳ್ಳುವುದು, ಮುಗಿಯಿತು. ಕೇಂದ್ರ ಸರ್ಕಾರ ಏಳನೇ ವೇತನ ಆಯೋಗದ ಶಿಫಾರಸಿನ ಮೇಲೆ 2016ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ಕಂಪನಿಯ ಯೋಜನೆ ಅದೇ ಹಳೆಯ ಮುಂಗಡ, ಮೈಮೇಲೆ ಕೋಟು ಮಾತ್ರ ವಿಲಾಯತಿಯದು. ಆ ಕೋಟನ್ನು ಕಳಚಿಟ್ಟಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಆಗಿನ ನಿಯಮದಲ್ಲಿ ಕಂಪನಿ ಕೊಡುವ ಬಡ್ಡಿರಹಿತ ಸಾಲಗಳೆಲ್ಲ ಸೇರಿ 20,000 ರೂಪಾಯಿ ದಾಟದಿದ್ದರೆ ಅದನ್ನು ಸವಲತ್ತೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನನ್ನ ಸೈಕಲ್ 19,800. ನೇರ ಮುಂಗಡ ಕೊಟ್ಟಿದ್ದರೆ ಬಿಲ್ಲು ಮೊದಲ ದಿನದಿಂದಲೇ ನನ್ನ ಹೆಸರಿನಲ್ಲಿ ಇರುತ್ತಿತ್ತು.

ಬಿಲ್ಲು ಯಾರ ಹೆಸರಿನಲ್ಲಿದ್ದರೇನು ಎನ್ನಬೇಡಿ. ಪೆಡಲಿನ ಅಚ್ಚು ಸಡಿಲವಾಗಿ ಕಟಕಟ ಸದ್ದು ಶುರುವಾದಾಗ ಅಂಗಡಿಯವರು ವಾರಂಟಿಗೆ ‘ಖರೀದಿದಾರರ ಪತ್ರ’ ಕೇಳಿದರು. ಖರೀದಿದಾರರು ಎಂದರೆ ಕಂಪನಿ. ಪತ್ರ ಬೆಂಗಳೂರಿನಿಂದ ಬರಬೇಕು. ಅದು ಬರುವಷ್ಟರಲ್ಲಿ ನಾನು ದುರ್ಗದಬೈಲಿನ ಹತ್ತಿರ ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರಲ್ಲಿ ಬೇರಿಂಗ್ ಬದಲಿಸಿಕೊಂಡಿದ್ದೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಸುತ್ತೋಲೆಯ ಪಟ್ಟಿಯಲ್ಲಿದ್ದದ್ದು ಒಂದು ಆನ್‌ಲೈನ್ ಮಳಿಗೆ ಮಾತ್ರ. ಪೆಟ್ಟಿಗೆಯಲ್ಲಿ ಮುಕ್ಕಾಲು ಜೋಡಿಸಿದ ಸೈಕಲ್ ಬರುತ್ತದೆ, ಹ್ಯಾಂಡಲ್, ಪೆಡಲ್, ಮುಂದಿನ ಚಕ್ರ ನೀವೇ ಹಾಕಿಕೊಳ್ಳಬೇಕು. ಬ್ರೇಕಿನ ತಂತಿ ಬಿಗಿ ಮಾಡಲು ಬಾರದವರು ಏನು ಮಾಡಬೇಕು? ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಬರೆದು ಕಳಿಸಿದ ಮೇಲೆ ಹುಬ್ಬಳ್ಳಿಯ ಅಂಗಡಿಯೊಂದರಿಂದ ಕೊಳ್ಳಲು ಒಪ್ಪಿಗೆ ಸಿಕ್ಕಿತು. ಅಂಗಡಿಯ ಹುಡುಗ ಒಳ್ಳೆಯ ಕೆಲಸಗಾರ. ನನ್ನನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿ ಪೆಡಲಿಗೆ ತಾಗಿದಾಗ ಕಾಲು ನೇರವಾಗುವಂತೆ ಸೀಟು ಎತ್ತರಿಸಿದ. ದೊಡ್ಡ ಫ್ರೇಮು ಮಾರಲು ಮಾಲೀಕರು ಪಟ್ಟು ಹಿಡಿದರೂ ಅವನೇ ಬೇಡವೆಂದು ಚಿಕ್ಕದನ್ನು ಇಳಿಸಿಕೊಟ್ಟ.

ಜತೆಗೆ ಕೊಳ್ಳಬಹುದಾದ ಸಾಮಾನುಗಳ ಪಟ್ಟಿಯಂತೂ ನಗೆಪಾಟಲು. ಹೆಲ್ಮೆಟ್, ಬೀಗ, ದೀಪ ಸರಿ. ಬೆರಳಿಲ್ಲದ ಕೈಗವಸಿಗೂ, ಬೆನ್ನಿಗೆ ಕಟ್ಟುವ ನೀರಿನ ಚೀಲಕ್ಕೂ ಅನುಮತಿ ಇದೆ. ಮಡ್‌ಗಾರ್ಡ್, ಚೈನ್ ಕವರ್, ಸ್ಟ್ಯಾಂಡ್, ಕ್ಯಾರಿಯರ್ ಯಾವುದಕ್ಕೂ ಇಲ್ಲ. ಚೂಡಿದಾರ ತೊಟ್ಟು ಬುತ್ತಿ ಡಬ್ಬಿ ಇಟ್ಟುಕೊಂಡು ಕಚೇರಿಗೆ ಹೋಗುವವರನ್ನು ಪಟ್ಟಿ ಮಾಡಿದವರು ಕಂಡೇ ಇಲ್ಲ. ಇವು ನಾಲ್ಕನ್ನೂ ಕೈಯಿಂದ ದುಡ್ಡು ಹಾಕಿ ಕೂಡಿಸಿಕೊಂಡೆ. ಸೈಕಲ್ಲಿಗೆ ಅಂದ ಕಡಿಮೆಯಾಯಿತು ಎಂದು ಅಂಗಡಿಯ ಮಾಲೀಕರು ಮುಖ ಸಿಂಡರಿಸಿದರು. ಹುಬ್ಬಳ್ಳಿಯ ಎರೆಮಣ್ಣಿನ ಕೆಸರಿನಲ್ಲಿ ಮಡ್‌ಗಾರ್ಡ್ ಇಲ್ಲದೆ ಒಮ್ಮೆ ಹೋಗಿ ಬಂದರೆ ಅವರಿಗೆ ಅಂದದ ಅರ್ಥ ತಿಳಿದೀತು.

ಕೊಳ್ಳುವಾಗ ಟ್ಯೂಬಿನ ವಾಲ್ವ್ ನೋಡಿ. ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಸೈಕಲ್ಲಿನದು ಪೆನ್ಸಿಲಿನಂತೆ ತೆಳುವಾದ ಪ್ರೆಸ್ಟಾ ವಾಲ್ವ್. ತುದಿಯಲ್ಲಿ ಪುಟ್ಟದೊಂದು ಹಿತ್ತಾಳೆಯ ತಿರುಪು. ಅದನ್ನು ಬಿಚ್ಚಿ, ಬೆರಳಿನಿಂದ ಒಮ್ಮೆ ಒತ್ತಿ, ಆಮೇಲೆ ಗಾಳಿ ಹಾಕಬೇಕು. ಉಣಕಲ್ ಕ್ರಾಸ್ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಕಾರು, ಬೈಕಿಗೆ ಹಿಡಿಸುವ ನಳಿಕೆಯೂ ಇತ್ತು, ಹಳೆಯ ಸೈಕಲ್ಲಿನ ಪಂಪೂ ಇತ್ತು. ಎರಡೂ ಇದಕ್ಕೆ ಕಚ್ಚಲಿಲ್ಲ. ತಿರುಪಿನ ಮೇಲೆ ಕೂರಿಸುವ ಉಗುರಿನಷ್ಟು ಗಾತ್ರದ ಅಡಾಪ್ಟರ್ ಒಂದು ಬೇಕು. ಬೆಲೆ ಚಿಲ್ಲರೆ ಕಾಸು. ಈಗ ಅದು ಬೀಗದ ಕೈಗೊಂಚಲಿನಲ್ಲೇ ಇದೆ.

ಸವಾರಿ ಹೇಗಿದೆ? ಮನೆ ನವನಗರದಲ್ಲಿ. ಮೊದಲು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೊಸೂರು ಕ್ರಾಸಿಗೆ ಬಂದು, ಅಲ್ಲಿಂದ ಆಟೊ ಹಿಡಿದು ಗೋಕುಲ ರಸ್ತೆ ಸೇರುತ್ತಿದ್ದೆ. ಚಿಗರಿಯ ಮೇಲೆ ನನಗೆ ದೂರಿಲ್ಲ, ಆಟೊದ ಮೇಲಿದೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಉಣಕಲ್ ಕೆರೆ ದಾಟಿ ಬರುವುದು ಸುಖ, ಹೆಚ್ಚುಕಡಿಮೆ ಇಳಿಜಾರೇ. ಸಂಜೆ ಅದೇ ದಾರಿ ಬಾಕಿ ವಸೂಲಿಗೆ ನಿಲ್ಲುತ್ತದೆ. ಧಾರವಾಡದ ದಿಕ್ಕಿಗೆ ಏರು, ಆಷಾಢ ಶ್ರಾವಣದಲ್ಲಿ ಎದುರಿಗೆ ಪಡುವಣ ಗಾಳಿ, ಜತೆಗೆ ಜಿಟಿಜಿಟಿ ಮಳೆ. ಆಗ ಇಪ್ಪತ್ತೊಂದು ಗೇರಿನ ಬೆಲೆ ತಿಳಿಯುತ್ತದೆ. ಗೇರಿಲ್ಲದ ಸೈಕಲ್ ಆಗಿದ್ದರೆ ನಾನು ಭೈರಿದೇವರಕೊಪ್ಪದ ಹತ್ತಿರ ಇಳಿದು ತಳ್ಳಬೇಕಾಗುತ್ತಿತ್ತು. ವಿದ್ಯಾನಗರದ ಬಳಿ ಮಾತ್ರ ಈಗಲೂ ಜೀವ ಕೈಯಲ್ಲಿ ಹಿಡಿದೇ ಸಾಗುತ್ತೇನೆ. ನಡುವಿನ ಪಥ ಚಿಗರಿಗೆ ಮೀಸಲು, ಪಕ್ಕದಲ್ಲಿ ಉಳಿದ ವಾಹನಗಳೆಲ್ಲ ಒತ್ತೊತ್ತಾಗಿ ನುಗ್ಗುತ್ತವೆ, ಸೈಕಲ್ಲಿಗೆ ಸಿಗುವುದು ಗಟಾರದ ಅಂಚು.

ಸಹಿ ಮಾಡುವ ಮೊದಲು ಸಂಬಳ ಚೀಟಿಯಲ್ಲಿ ಕಡಿತ ಯಾವ ಸಾಲಿನಿಂದ ಆಗುತ್ತದೆ ಎಂದು ಕೇಳಿ. ನಾನು ವಿಶೇಷ ಭತ್ಯೆಯಿಂದ ಮುರಿಯಲು ಹೇಳಿದೆ. ಬೆಂಗಳೂರಿನ ಮೊದಲ ಕರಡಿನಲ್ಲಿ ಅದು ಮೂಲ ವೇತನದಿಂದ ಇಳಿಯುವುದಿತ್ತು. ನಮ್ಮಲ್ಲಿ ಪೂರ್ಣ ಮೂಲ ವೇತನದ ಮೇಲೆ ಪಿಎಫ್ ಕಟ್ಟುತ್ತಾರೆ. ಅಲ್ಲಿ 1,650 ಕಡಿಮೆಯಾದರೆ ಶೇ 12ರಂತೆ ತಿಂಗಳಿಗೆ 198 ರೂಪಾಯಿ ಕಂಪನಿಯ ಪಾಲೂ ಕಡಿಮೆ. ವರ್ಷಕ್ಕೆ 2,376. ಬಡ್ಡಿಯಲ್ಲಿ ಉಳಿದ 1,200 ಇಲ್ಲಿಯೇ ನುಂಗಿಹೋಗಿ ಮೇಲೆ ಅಷ್ಟೇ ನಷ್ಟವಾಗುತ್ತಿತ್ತು. ನಡುವೆ ಕೆಲಸ ಬಿಟ್ಟರೆ ಉಳಿದ ಕಂತುಗಳನ್ನೆಲ್ಲ ಕೊನೆಯ ಲೆಕ್ಕದಲ್ಲಿ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ, ಅದೂ ಗೊತ್ತಿರಲಿ.

ವರ್ಷ ಮುಗಿದ ಮೇಲೆ ವರ್ಗಾವಣೆ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಫ್ರೇಮಿನ ಸಂಖ್ಯೆ ಇರಲಿ. ಸೈಕಲ್ಲನ್ನು ತಲೆಕೆಳಗಾಗಿಸಿದರೆ ಪೆಡಲಿನ ಅಚ್ಚಿನ ಕೆಳಗೆ ಆ ಸಂಖ್ಯೆ ಕೊರೆದಿರುತ್ತದೆ. ಸೈಕಲ್ಲಿಗೆ ನೋಂದಣಿ ಇಲ್ಲ, ಆರ್‌ಸಿ ಪುಸ್ತಕ ಇಲ್ಲ. ಕಳವಾದರೆ ಪೊಲೀಸ್ ಠಾಣೆಯಲ್ಲಿ ನಿಮ್ಮದೆಂದು ತೋರಿಸಲು ಇರುವುದು ಬಿಲ್ಲು, ಪತ್ರ, ಈ ಸಂಖ್ಯೆ ಅಷ್ಟೇ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನನ್ನ ಸೈಕಲ್ಲಿಗೆ ಅದೇ ಲೆಕ್ಕ ಹಿಡಿದರೆ ಸುಮಾರು 18,560 ಆಗುತ್ತದೆ. ಯೋಜನೆಯ ಹೆಸರಿನಲ್ಲಿ ಹೇಳಿದ ಉಳಿತಾಯಕ್ಕಿಂತ ಇದೇ ಹೆಚ್ಚು ನಿಜವಾದದ್ದು, ಯಾರ ಸಹಿಯೂ ಬೇಕಿಲ್ಲ. ನೇರ ಮುಂಗಡವಾಗಿ ಬದಲಿಸಿ ಎಂದು ಲೆಕ್ಕದ ಹಾಳೆ ಸಮೇತ ಪ್ರಧಾನ ಕಚೇರಿಗೆ ಬರೆದಿದ್ದೇನೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಈ ನಡುವೆ ಉಗ್ರಾಣ ವಿಭಾಗದ ಇಬ್ಬರು ಅರ್ಜಿ ಹಾಕಿದ್ದಾರೆ. ಮಡ್‌ಗಾರ್ಡ್, ಸ್ಟ್ಯಾಂಡ್ ಎರಡನ್ನೂ ಬೇರೆ ಸಾಮಾನೆಂದು ತೋರಿಸದೆ ಸೈಕಲ್ಲಿನ ಬೆಲೆಯಲ್ಲೇ ಸೇರಿಸಿ ಬಿಲ್ಲು ಬರೆಯಲು ಅಂಗಡಿಯವರನ್ನು ಒಪ್ಪಿಸಿಕೊಂಡಿದ್ದೇವೆ. ಕ್ಯಾರಿಯರ್ ಬಗ್ಗೆ ಚೌಕಾಸಿ ನಡೆದಿದೆ.