ರಿಮೋಟ್ ಡೆಸ್ಕ್‌ಟಾಪ್‌ದಾಗ ವೆಬ್ ಆ್ಯಪ್ ಎಳ್ಯಾಕ ಹತ್ತಿದ್ರ ಯಾರ ತಪ್ಪು? ವಿಂಡೋಸ್‌ದ 'ಯೂಸರ್ ಇನ್‌ಪುಟ್ ಡಿಲೇ' ಕೌಂಟರ್ ರಿವ್ಯೂ

ಪುಕ್ಕಟೆ ಸಿಗೋ ಟೂಲಿಗೆ ಯಾರೂ ರಿವ್ಯೂ ಬರೆಯಂಗಿಲ್ಲ, ಅದಕ್ಕ ನಾನ ಬರೀತೇನಿ. ವಿಂಡೋಸ್ ಸರ್ವರ್ 2019ರಿಂದ ಪರ್ಫಾರ್ಮೆನ್ಸ್ ಮಾನಿಟರ್ (ಸಿಸ್ಟಂ ಹೆಂಗ ನಡದೈತಿ ಅಂತ ಅಳಿಯೋ ವಿಂಡೋಸ್‌ದ ಟೂಲು) ಒಳಗ 'ಯೂಸರ್ ಇನ್‌ಪುಟ್ ಡಿಲೇ' ಅಂತ ಒಂದು ಕೌಂಟರ್, ಅಂದ್ರ ಅಳತಿ ಅಂಕಿ, ಐತಿ. ಹುಬ್ಬಳ್ಳಿ ಕಡೆ ಒಂದ ಸರ್ವರ್ ಇಟ್ಟು ಹತ್ತು ಊರಿನವರು ರಿಮೋಟ್ ಡೆಸ್ಕ್‌ಟಾಪ್‌ದಾಗ ಕೆಲಸ ಮಾಡೋ ಆಫೀಸು ಭಾಳ ಅದಾವ, ಆದ್ರ ಇದನ್ನ ಆನ್ ಮಾಡಿದವರನ್ನ ನಾ ಅಂತೂ ಅಷ್ಟಾಗಿ ನೋಡಿಲ್ಲ.

ನಾ ನೋಡ್ಕೊಳ್ಳೋ ಸೆಟಪ್ ಹಿಂಗೈತಿ: ಸರ್ವರ್ ಹುಬ್ಬಳ್ಳಿಯೊಳಗ, ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ, ಗದಗದಾಗ ಸಣ್ಣದೊಂದು ಆಫೀಸ್. ಎಲ್ಲಾರೂ ಸರ್ವರಿಗೆ ಲಾಗಿನ್ ಆಗಿ ಅಲ್ಲಿ ಕ್ರೋಮ್‌ದಾಗ ಬಿಲ್ಲಿಂಗ್ ವೆಬ್ ಆ್ಯಪ್ ತೆಗೀತಾರ. ಸೀಸನ್ನಿನ್ಯಾಗ ಟೆಂಡರ್ ದಿನ ಫೋನ್ ಸುರು ಆಗ್ತಾವು. "ಅಣ್ಣಾರ, ತೂಕ ಹೊಡದು ಕುಂತೇನ್ರಿ, ಅಂಕಿ ಇನ್ನೂ ಮೂಡವಲ್ವು, ರೈತ್ರು ಪಟ್ಟಿ ಕೊಡ್ರಿ ಅಂತ ತಲಿ ಮ್ಯಾಲೆ ನಿಂತಾರ." ಸಾಫ್ಟ್‌ವೇರಿನವರಿಗೆ ಕೇಳಿದ್ರ ಪೇಜ್ ಒಂದ ಸೆಕೆಂಡಿನ್ಯಾಗ ಲೋಡ್ ಆಗ್ತೈತಿ ನಿಮ್ಮ ನೆಟ್ ನೋಡ್ಕೊರಿ ಅಂತಾರ, ನೆಟ್ಟಿನವರಿಗೆ ಕೇಳಿದ್ರ ಸ್ಪೀಡ್ ಟೆಸ್ಟ್ ಫೋಟೋ ಕಳಸ್ತಾರ. ಇಬ್ರೂ ಖರೇನ ಹೇಳ್ತಾರ, ತ್ರಾಸ ಇರೋದ ಅಲ್ಲಿ.

ಯಾಕಂದ್ರ ಆ ಒಂದ ಸೆಕೆಂಡು ಸರ್ವರ್ ಒಳಗಿನ ಕ್ರೋಮ್‌ಗೆ ಪೇಜ್ ಬಂದು ಮುಟ್ಟಿದ ಲೆಕ್ಕ. ಅಲ್ಲಿಂದ ಮುಂದ ಅದು ಚಿತ್ರ ಆಗಿ, ಒತ್ತಿ ಸಣ್ಣದಾಗಿ, ಬ್ಯಾಡಗಿ ತನಕ ಹೋಗಬೇಕು, ಮತ್ತ ಅಲ್ಲಿ ಒತ್ತಿದ ಬಟನ್ ಇಲ್ಲಿ ತನಕ ಬರಬೇಕು. ಸಾದಾ ಪಿಸಿದಾಗ ಬ್ರೌಸರ್ ಹೇಳಿದ ಟೈಮ್ ಮತ್ತ ಕಣ್ಣಿಗೆ ಕಂಡ ಟೈಮ್ ಹೆಚ್ಚೂಕಮ್ಮಿ ಒಂದ, ಇಲ್ಲಿ ಹಂಗ ಇಲ್ಲ.

ಈ ಕೌಂಟರ್ ಏನ್ ಮಾಡ್ತೈತಿ ಅಂದ್ರ, ಬಟನ್ನು ಅಥವಾ ಮೌಸ್ ಕ್ಲಿಕ್ಕು ಸರ್ವರಿಗೆ ಬಂದು ಪಾಳಿ ಹಚ್ಚಿ ನಿಂತಿರ್ತೈತಲ್ಲ, ಅದನ್ನ ಪ್ರೋಗ್ರಾಂ ಕೈಗೆ ತಗೊಳ್ಳೋ ತನಕ ಎಷ್ಟು ಮಿಲಿಸೆಕೆಂಡ್ ಆತು ಅಂತ ಅಳೀತೈತಿ. ಸೆಷನ್ (ಒಬ್ಬೊಬ್ಬರ ಲಾಗಿನ್) ಪ್ರಕಾರನೂ ತೋರಸ್ತೈತಿ, ಪ್ರೋಸೆಸ್ (ಓಡೋ ಪ್ರೋಗ್ರಾಂ) ಪ್ರಕಾರನೂ ತೋರಸ್ತೈತಿ, ಪ್ರೋಸೆಸ್ ಲಿಸ್ಟಿನ್ಯಾಗ '3:5128 <ಕ್ರೋಮ್.ಇಎಕ್ಸ್‌ಇ>' ಈ ನಮೂನಿ ಬರ್ತೈತಿ, ಮೊದಲಿಂದು ಸೆಷನ್ ನಂಬರು, ಆಮ್ಯಾಲಿಂದು ಪ್ರೋಸೆಸ್ ನಂಬರು. ಟಾಸ್ಕ್ ಮ್ಯಾನೇಜರಿನ್ಯಾಗ ಸಿಪಿಯು 70 ಪರ್ಸೆಂಟ್ ಅಂತ ಕಂಡ್ರ ಯಾರಿಗೆ ತ್ರಾಸ ಆಗೇತಿ ಅನ್ನೋದು ತಿಳಿಯಂಗಿಲ್ಲ, ಇದರಾಗ ಸೀದಾ ತಿಳೀತೈತಿ. ಇನ್ನೊಂದು ನನಗ ಸೇರಿದ್ದು, ಇದು ಸರಾಸರಿ ತೋರಸಂಗಿಲ್ಲ, ಆ ಅವಧಿಯೊಳಗಿನ ಎಲ್ಲಾಕ್ಕಿಂತ ದೊಡ್ಡ ಡಿಲೇ ತೋರಸ್ತೈತಿ. ಸರಾಸರಿ ಇದ್ದಿದ್ರ ಒಮ್ಮೆ ಮೂರು ಸೆಕೆಂಡ್ ಗಪ್ಪ್ ಅಂತ ನಿಂತಿದ್ದು ಉಳಿದದ್ದರಾಗ ಮುಚ್ಚಿ ಹೋಗ್ತಿತ್ತು.

ಆನ್ ಮಾಡಾಕ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡೋ ಜಾಗಾ) ಒಳಗ 'ಟರ್ಮಿನಲ್ ಸರ್ವರ್' ಕೀ ಕೆಳಗ 'ಎನೇಬಲ್‌ಲ್ಯಾಗ್‌ಕೌಂಟರ್' ಅಂತ ಡಿವರ್ಡ್ (ಅಂಕಿ ಇಡೋ ನಮೂನಿ ಸೆಟ್ಟಿಂಗ್) ಮಾಡಿ 1 ಇಟ್ಟು ಸರ್ವರ್ ರೀಸ್ಟಾರ್ಟ್ ಕೊಡಬೇಕು, ಅದಕ್ಕ ರಾತ್ರಿ ಮಾಡ್ರಿ. ಒಂದು ಮಾತು ನೆನಪಿಡ್ರಿ, ಇದರ ಲೆಕ್ಕ 1,000 ಮಿಲಿಸೆಕೆಂಡಿಗೆ ಹೊಂದಿಸಿದ್ದು, ನೀವು ಗ್ರಾಫ್ 5 ಸೆಕೆಂಡಿಗೊಮ್ಮೆ ಅಂತ ಬದಲಿ ಮಾಡಿದ್ರ 'ಲ್ಯಾಗ್‌ಕೌಂಟರ್‌ಇಂಟರ್ವಲ್' ಕೂಡ ಬದಲಿ ಮಾಡಬೇಕು, ಇಲ್ಲಂದ್ರ ತೋರಸೋ ನಂಬರ್ ಸುಳ್ಳು.

ನಮ್ಮಲ್ಲಿ ಇದರಿಂದ ಸಿಕ್ಕಿದ್ದೇನು? ಬ್ಯಾಡಗಿ ಅಂಗಡಿ ಸೆಷನ್ ಡಿಲೇ ಏರಿದಾಗೆಲ್ಲಾ ಗದಗದ ಸೆಷನ್ನಿನ್ಯಾಗ ಯಾರೋ ವಿಡಿಯೋ ಓಡೋ ನ್ಯೂಸ್ ಸೈಟ್ ತೆಗದಿಟ್ಟಿರ್ತಿದ್ರು. ನಮ್ಮ ಸರ್ವರಿನ್ಯಾಗ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಂಗಾಗಿ ಆ ಕುಣಿಯೋ ಜಾಹೀರಾತು ಬಿಡಿಸೋ ಕೆಲಸ ಎಲ್ಲಾ ಸಿಪಿಯು ತಲಿ ಮ್ಯಾಲೆ. ಆ ಸೈಟ್ ಬಂದ್ ಮಾಡಿಸಿದ ಮ್ಯಾಲೆ ಟೆಂಡರ್ ದಿನದ ಗ್ರಾಫ್ ಇಳೀತು. ಸಾಫ್ಟ್‌ವೇರಿನವರನ್ನ ಸುಮ್ಮ ಬೈದಿದ್ವಿ ಅನ್ನಂಗಿಲ್ಲ, ಅವ್ರದೂ ಪಾಲಿತ್ತು.

ಆ ಪಾಲನ್ನ ಈ ಕೌಂಟರ್ ಹಿಡಿಲಿಲ್ಲ, ಕೊರತಿ ಇರೋದೂ ಇಲ್ಲೇ. ಕ್ರೋಮ್‌ದಾಗ ಕೀಬೋರ್ಡ್ ಇನ್‌ಪುಟ್ ತಗೊಳ್ಳೋದು ಮೇನ್ ಪ್ರೋಸೆಸ್, ಪೇಜ್ ನಡಸೋದು ಬ್ಯಾರೆ ಪ್ರೋಸೆಸ್. ಪೇಜಿನ ಜಾವಾಸ್ಕ್ರಿಪ್ಟ್ (ಪೇಜ್ ಒಳಗ ಓಡೋ ಪ್ರೋಗ್ರಾಂ) ಸಿಕ್ಕಿ ಬಿದ್ದಿದ್ರೂ ಮೇನ್ ಪ್ರೋಸೆಸ್ ಇನ್‌ಪುಟ್ ಲಗೂನ ತಗೊಂಡಿರ್ತೈತಿ, ಕೌಂಟರ್ ಎಲ್ಲಾ ಆರಾಮ ಐತಿ ಅಂತ ತೋರಸ್ತೈತಿ, ಮನಷ್ಯಾ ಮಾತ್ರ ಕಾಯ್ಕೋತ ಕುಂತಿರ್ತಾನ. ಅದಕ್ಕ ಅದ ಸೆಷನ್ನಿನ್ಯಾಗ ಎಫ್12 ಒತ್ತಿ ಪರ್ಫಾರ್ಮೆನ್ಸ್ ಟ್ಯಾಬಿನ್ಯಾಗ ಐಎನ್‌ಪಿ (ಬಟನ್ ಒತ್ತಿದ ಮ್ಯಾಲೆ ಪೇಜಿನ್ಯಾಗ ಬದಲಿ ಕಾಣೋ ತನಕ ಹಿಡಿಯೋ ಟೈಮ್) ನೋಡಬೇಕು, 200 ಮಿಲಿಸೆಕೆಂಡ್ ಒಳಗಿದ್ರ ಚಲೋ, 500 ದಾಟಿದ್ರ ಕೆಟ್ಟದ್ದು. 2024ರ ಮಾರ್ಚ್‌ದಾಗ ಗೂಗಲ್‌ನವರು ವೆಬ್‌ಸೈಟ್ ಅಳಿಯಾಕ ಹಳೇ ಎಫ್ಐಡಿ (ಮೊದಲನೇ ಇನ್‌ಪುಟ್ಟಿನ ಡಿಲೇ ಅಷ್ಟ ನೋಡೋ ಅಳತಿ) ತಗದು ಇದನ್ನ ಹಚ್ಯಾರ. ಪಟ್ಟಿ ಸೇವ್ ಮಾಡೋ ಸ್ಕ್ರೀನಿನ ಐಎನ್‌ಪಿ ಫೋಟೋ ಕಳಿಸಿದ ಮ್ಯಾಲೆ ಅವ್ರು 'ನಿಮ್ಮ ನೆಟ್' ಅನ್ನೋದು ಬಿಟ್ರು.

ನೆಟ್ಟಿನ ದಾರಿನೂ ಈ ಕೌಂಟರ್ ಅಳಿಯಂಗಿಲ್ಲ. ಅದಕ್ಕ ಪಕ್ಕದಾಗ 'ರಿಮೋಟ್‌ಎಫ್ಎಕ್ಸ್ ನೆಟ್‌ವರ್ಕ್' ಕೌಂಟರಿನ್ಯಾಗ ಟಿಸಿಪಿ, ಯುಡಿಪಿ ಆರ್‌ಟಿಟಿ (ಡೇಟಾ ಹೋಗಿ ವಾಪಸ್ ಬರಾಕ ಹಿಡಿಯೋ ಟೈಮ್) ಹಚ್ಕೊರಿ. 'ರಿಮೋಟ್‌ಎಫ್ಎಕ್ಸ್ ಗ್ರಾಫಿಕ್ಸ್' ಒಳಗ ಫ್ರೇಮ್ (ಪರದೆ ಚಿತ್ರ) ಯಾಕ ಬಿಟ್ಟು ಹೋದ್ವು, ಸರ್ವರ್ ಸಾಲಲಿಲ್ಲೋ, ನೆಟ್ ಸಾಲಲಿಲ್ಲೋ, ಆ ಕಡೆ ಪಿಸಿ ಸಾಲಲಿಲ್ಲೋ ಅಂತ ಮೂರೂ ಬ್ಯಾರೆ ಬ್ಯಾರೆ ಬರ್ತಾವು, ಜಗಳ ಮುರಿಯಾಕ ಭಾಳ ಉಪಯೋಗ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ಮಾತ್ರ ಸೀದಾ ಇಂಟರ್ನೆಟ್ಟಿಗೆ ಬಿಡಬ್ಯಾಡ್ರಿ, ವಿಪಿಎನ್ ಒಳಗ ಇರ್ಲಿ.

ಯಾವ ವೆಬ್‌ಸೈಟಿಗೆ ಎಷ್ಟು ಟೈಮ್ ಅಂತ ರಿಪೋರ್ಟ್ ಬೇಕಂದ್ರ ಊಬರ್‌ಏಜೆಂಟ್ ಥರದ ಟೂಲು ಅದಾವ, ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ ಸೈಟ್ ಪ್ರಕಾರ ಲೆಕ್ಕ ಕೊಡ್ತಾವು. ನೂರಾರು ಯೂಸರ್ ಇದ್ದಲ್ಲಿ ಅದು ಬೇಕ ಬೇಕು, ದಲಾಲಿ ಅಂಗಡಿಗೆ ಯಾಕ್ರಿ.

ಪರ್ಫಾರ್ಮೆನ್ಸ್ ಮಾನಿಟರಿನ ಗ್ರಾಫ್ ನೋಡಾಕ ಅಂತೂ ಹಳೇ ಕಾಲದ್ದು, ಬಣ್ಣದ ಗೆರಿ ಒಂದರ ಮ್ಯಾಲೊಂದು ಬಿದ್ದು ಯಾರ್ದು ಯಾವ್ದು ತಿಳಿಯಂಗಿಲ್ಲ, ಹೈಲೈಟ್ ಬಟನ್ ಒತ್ತಿ ಒತ್ತಿ ಸಾಕಾಗ್ತೈತಿ. ಒಂದು ಸ್ಟಾರ್ ಅದಕ್ಕ ಕಡದೇನಿ, ಐದಕ್ಕ ನಾಕು. ಇನ್ನೂ 2016ರ ಸರ್ವರ್ ನಡಸೋರು ಇದನ್ನ ಹುಡುಕಬ್ಯಾಡ್ರಿ, ಅದರಾಗ ಈ ಕೌಂಟರ್ ಇಲ್ಲ.