ಐಐಟಿಪೇವ್: ನಿಂತ ಗಾಲಿಯ ಲೆಕ್ಕ ಪಕ್ಕಾ, ಓಡುವ ಗಾಲಿಯದ್ದು ಕೇಳಬೇಡಿ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ:37-2018 ಹಿಡಿದು ಡಾಂಬರು ರಸ್ತೆ ಡಿಸೈನ್ ಮಾಡುವವರಿಗೆ ಐಐಟಿಪೇವ್ ತಪ್ಪಿದ್ದಲ್ಲ. ಗಾಲಿಯ ಭಾರಕ್ಕೆ ರಸ್ತೆಯ ಪದರಗಳಲ್ಲಿ ಹುಟ್ಟುವ ಒತ್ತಡ, ಸ್ಟ್ರೈನ್ (ಹಿಗ್ಗು-ಕುಗ್ಗು) ಲೆಕ್ಕ ಹಾಕುವ ಖರಗ್‌ಪುರ ಐಐಟಿಯ ಈ ತಂತ್ರಾಂಶ ಹಳೆಯ ಎಫ್‌ಪೇವ್‌ನ ಮುಂದುವರಿಕೆ. ನೋಡಲು ಓಬೀರಾಯನ ಕಾಲದ್ದು. ಜಾವಾ ಇಲ್ಲದ ಕಂಪ್ಯೂಟರಿನಲ್ಲಿ ಎಷ್ಟು ಕ್ಲಿಕ್ ಮಾಡಿದರೂ ಮಿಸುಕುವುದಿಲ್ಲ. ತೆರೆದುಕೊಂಡ ಮೇಲೆ ಮಾತ್ರ ಉತ್ತರಕ್ಕೆ ಕಾಯುವ ಮಾತಿಲ್ಲ.

ತುಂಬಬೇಕಾದ್ದು ಕಡಿಮೆ. ಡಾಂಬರಿನ ಪದರಗಳೆಲ್ಲ ಸೇರಿ ಒಂದು ಲೇಯರ್, ವೆಟ್ ಮಿಕ್ಸ್ ಮತ್ತು ಜಿಎಸ್‌ಬಿ ಎಂಬ ಜಲ್ಲಿ ಪದರಗಳು ಸೇರಿ ಇನ್ನೊಂದು, ಅಡಿಯಲ್ಲಿ ಸಬ್‌ಗ್ರೇಡ್, ಅಂದರೆ ಹದಗೊಳಿಸಿದ ಮಣ್ಣು. ಮಣ್ಣಿನ ಬಲದ ಅಳತೆಯಾದ ಸಿಬಿಆರ್ 8 ಎಂದುಕೊಳ್ಳಿ: ಅದರ 0.64ನೇ ಘಾತವನ್ನು 17.6ರಿಂದ ಗುಣಿಸಿದರೆ ಸಬ್‌ಗ್ರೇಡ್ ಮಾಡ್ಯುಲಸ್ (ಗಡಸುತನ) 66.6 ಎಂಪಿಎ (ಮೆಗಾಪಾಸ್ಕಲ್). ಅದರ ಮೇಲೆ 450 ಮಿ.ಮೀ. ಜಲ್ಲಿ ಪದರಕ್ಕೆ 208. ದಪ್ಪವನ್ನು 400ಕ್ಕೆ ಇಳಿಸಿದರೆ ಮಾಡ್ಯುಲಸ್ಸೂ 197ಕ್ಕೆ ಇಳಿಯಬೇಕು. ತಂತ್ರಾಂಶ ಅದನ್ನು ತಾನಾಗಿ ಬದಲಿಸುವುದಿಲ್ಲ. ದಪ್ಪ ಬದಲಿಸಿ 208 ಅನ್ನೇ ಉಳಿಸಿದ ರಿಪೋರ್ಟುಗಳಿಗೆ ಬರವಿಲ್ಲ. ಗಟ್ಟಿ ದರ್ಜೆಯ ವಿಜಿ-40 ಡಾಂಬರಿನ ಮಿಶ್ರಣಕ್ಕೆ 35 ಡಿಗ್ರಿಯಲ್ಲಿ 3000 ಎಂಪಿಎ. ಪ್ರತಿ ಗಾಲಿಗೆ 20,000 ನ್ಯೂಟನ್, ಒತ್ತಡ 0.56 ಎಂಪಿಎ, ಡ್ಯುಯಲ್ ವ್ಹೀಲ್. ಸ್ಟ್ರೈನ್ ನೋಡುವ ಬಿಂದುಗಳು ಗಾಲಿಯ ಕೇಂದ್ರದಲ್ಲಿ ಒಂದು, ಎರಡು ಗಾಲಿಗಳ ಮಧ್ಯೆ 155 ಮಿ.ಮೀ.ಗೆ ಇನ್ನೊಂದು.

ಎಡವುವುದೆಲ್ಲ ಔಟ್‌ಪುಟ್ ಓದುವಲ್ಲಿ. ಪದರಗಳು ಕೂಡುವ ಆಳಕ್ಕೆ ಎರಡು ಸಾಲು ಬರುತ್ತವೆ. ‘ಎಲ್’ ಗುರುತಿನದ್ದು ಕೆಳಗಿನ ಪದರದ್ದು. ಡಾಂಬರಿನ ತಳದ ಎಳೆತದ ಸ್ಟ್ರೈನ್‌ಗೆ ಎಲ್ ಇಲ್ಲದ ಸಾಲು ನೋಡಿ, ಇಪಿಟಿ-ಇಪಿಆರ್ ಎಂಬ ಎರಡು ಅಡ್ಡ ಸ್ಟ್ರೈನ್‌ಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಸಬ್‌ಗ್ರೇಡ್ ನೆತ್ತಿಯ ಲಂಬ ಸ್ಟ್ರೈನ್ ಇಪಿಝಡ್‌ಗೆ ಎಲ್ ಸಾಲೇ ಬೇಕು. ತಪ್ಪು ಸಾಲು ಹಿಡಿದರೆ ಜಲ್ಲಿ ಪದರದ ಸಣ್ಣ ಸ್ಟ್ರೈನ್ ಕೈಗೆ ಸಿಗುತ್ತದೆ. ರಟ್ಟಿಂಗ್ (ಗಾಲಿಯ ಜಾಡು ಕುಸಿಯುವುದು) ಸೂತ್ರದ ಘಾತ 4.5337, ಸ್ಟ್ರೈನ್ ಅರ್ಧ ಓದಿದರೆ ರಸ್ತೆಯ ಆಯುಷ್ಯ ಕಾಗದದಲ್ಲಿ 23 ಪಟ್ಟು!

ಇನ್ನು ಓಡುವ ವಾಹನದ ವಿಷಯ. ಇಲ್ಲಿ ವೇಗ ತುಂಬುವ ಜಾಗವೇ ಇಲ್ಲ. ಗಾಲಿ ಎಂದರೆ ಸುಮಾರು 107 ಮಿ.ಮೀ. ತ್ರಿಜ್ಯದ, ನಿಂತ ದುಂಡು ಅಚ್ಚು. ಪದರಗಳೆಲ್ಲ ಬರೀ ಇಲಾಸ್ಟಿಕ್ (ಭಾರ ತೆಗೆದೊಡನೆ ಮೊದಲಿನಂತಾಗುವಂಥವು), ಒಂದಕ್ಕೊಂದು ಬಿಡದಂತೆ ಅಂಟಿಕೊಂಡಿವೆ ಎಂಬ ಎಣಿಕೆ. ಡಾಂಬರು ಹಾಗಲ್ಲ. ಹೆದ್ದಾರಿಯ ಲಾರಿಗೆ ಗಟ್ಟಿಯಾಗಿ ನಿಂತ ಪದರವೇ ಟೋಲ್ ಗೇಟಿನಲ್ಲಿ ತೆವಳುವ ಲಾರಿಗೆ ಮೆತ್ತಗಾಗುತ್ತದೆ. ಸರಿ, ಮಾಡ್ಯುಲಸ್ ಇಳಿಸಿ ಓಡಿಸೋಣ ಎಂಬುದು ರೂಢಿಯ ಉಪಾಯ. ಅರೆಬರೆ ಉಪಾಯ ಅದು: ಸ್ಟ್ರೈನ್ ಏರುತ್ತದೆ ನಿಜ, ಆದರೆ ಫಟೀಗ್ (ಪದೇ ಪದೇ ಬೀಳುವ ಭಾರಕ್ಕೆ ಬಿರುಕು ಬಿಡುವುದು) ಸೂತ್ರದಲ್ಲಿ ಮಾಡ್ಯುಲಸ್ ಛೇದದಲ್ಲಿರುವುದರಿಂದ ಏರಿದ ಹಾನಿಯಲ್ಲಿ ಒಂದು ಪಾಲು ಅಲ್ಲೇ ವಜಾ ಆಗುತ್ತದೆ. ರಟ್ಟಿಂಗ್ ಸೂತ್ರವಂತೂ ಸಬ್‌ಗ್ರೇಡ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಬಸ್ ಸ್ಟಾಪಿನಲ್ಲಿ ಡಾಂಬರು ಉಬ್ಬಿ ಗಾಲಿಯ ಪಕ್ಕಕ್ಕೆ ಸರಿಯುವುದು ಮೇಲಿನ ಪದರದ ಒಳಗಿನ ಕಾಯಿಲೆ, ಅದು ಈ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ.

ಅಂಥ ಜಾಗಕ್ಕೆ ಅಮೆರಿಕದ ನೆವಾಡ ವಿಶ್ವವಿದ್ಯಾಲಯದ (ರೀನೊ) ತ್ರೀಡಿ-ಮೂವ್ ತಂತ್ರಾಂಶ ಬಳಸಿ. ಇದು ವೇಗ, ಡಾಂಬರಿನ ವಿಸ್ಕೊಇಲಾಸ್ಟಿಕ್ ಗುಣ (ಭಾರ ಹೆಚ್ಚು ಹೊತ್ತು ನಿಂತಷ್ಟೂ ಮೆತ್ತಗಾಗುವುದು), ದುಂಡಗಿಲ್ಲದ ಟೈರ್ ಅಚ್ಚು, ಬ್ರೇಕ್ ಹಾಕಿದಾಗಿನ ಅಡ್ಡ ಎಳೆತ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ಮಿಶ್ರಣದ ಡೈನಾಮಿಕ್ ಮಾಡ್ಯುಲಸ್ಸನ್ನು (ಏರಿಳಿಯುವ ಭಾರಕ್ಕೆ ತೋರುವ ಗಡಸುತನ) ಹಲವು ಉಷ್ಣತೆ, ಹಲವು ಫ್ರೀಕ್ವೆನ್ಸಿಗಳಲ್ಲಿ ಲ್ಯಾಬಿನಲ್ಲಿ ಅಳೆಸಿ ಕೊಡಬೇಕು. ಆ ಟೆಸ್ಟಿಗೆ ಎಸ್ಟಿಮೇಟಿನಲ್ಲಿ ದುಡ್ಡಿಟ್ಟಿಲ್ಲವಾದರೆ ಐಐಟಿಪೇವ್‌ನಲ್ಲೇ ಮುಗಿಸಿ, ಟೋಲ್ ಗೇಟಿನ ಭಾಗಕ್ಕೆ ಕಾಂಕ್ರೀಟ್ ಬರೆಯಿರಿ.