ನಾಲ್ಕು ವರ್ಷ, ನಾಲ್ಕು ಸಾವಿರ ಗುಂಡು: ಬಳಸಿದ ಗ್ಲಾಕ್ 19 ಕೊಂಡವನ ಅನುಭವ

ಅಂಗಡಿಯ ಹಿರಿಯರು ಗಾಜಿನ ಕಪಾಟಿನಿಂದ ಪಿಸ್ತೂಲನ್ನು ತೆಗೆದು, ಗುಂಡು ತುಂಬುವ ಮ್ಯಾಗಜಿನ್ ಕಳಚಿ, ಮೇಲ್ಭಾಗದ ಜಾರುವ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿದರು. ಹಾರುವ ಮುನ್ನ ಗುಂಡು ಕೂರುವ ಚೇಂಬರಿನೊಳಗೆ ಕಿರುಬೆರಳು ತೂರಿಸಿ ಖಾಲಿ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನನ್ನ ಕೈಗೆ ಕೊಟ್ಟರು. ಅವರ ಬೆರಳು ಈಚೆ ಬಂದು ಎರಡು ಕ್ಷಣವೂ ಆಗಿರಲಿಲ್ಲ, ನಾನೂ ನನ್ನ ಬೆರಳನ್ನು ಹಾಕಿ ನೋಡಿದೆ. ಅವರು ಬೇಸರಪಡಲಿಲ್ಲ, ಮೆಚ್ಚಿಕೊಂಡಂತೆ ತಲೆಯಾಡಿಸಿದರು. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿಯಿತ್ತು. "ಖಾಲಿ ಎಂದು ಕೋವಿ ಹೇಳಬೇಕು, ಮನುಷ್ಯ ಹೇಳಿದರೆ ಸಾಲದು" ಎಂದು ಅಜ್ಜ ಹೇಳುತ್ತಿದ್ದರು. ಆ ಮಾತು ಟೆಕ್ಸಾಸಿನ ಪ್ಲೇನೋದವರೆಗೆ ನನ್ನ ಜೊತೆ ಬಂದಿದೆ.

ಇದು 2021ರ ಮಾರ್ಚ್ ತಿಂಗಳ ಮಾತು. ಕೊಂಡ ವಾರದಲ್ಲೇ ಅಭಿಪ್ರಾಯ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾಲ್ಕು ವರ್ಷ ಬಳಸಿ, ಪ್ರತಿ ಗುಂಡನ್ನೂ ನೋಟ್‌ಬುಕ್ಕಿನಲ್ಲಿ ಲೆಕ್ಕವಿಟ್ಟು ಬರೆಯುವವರು ಕಡಿಮೆ. ಅದರಲ್ಲೂ ಕನ್ನಡದಲ್ಲಿ ನನಗೆ ಯಾರೂ ಸಿಗಲಿಲ್ಲ. ಹಾಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಯಾರು ಕೊಳ್ಳಬಹುದು ಎಂಬ ವಿಷಯ. ಇಲ್ಲಿನ ನಮ್ಮವರಲ್ಲಿ ತುಂಬಾ ಜನ ತಪ್ಪು ತಿಳಿದಿರುವುದು ಇದನ್ನೇ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿಯುವುದೂ ಕಾನೂನಿನ ಕಣ್ಣಿನಲ್ಲಿ ಇಟ್ಟುಕೊಂಡಂತೆಯೇ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿಯುಂಟು. ಕೆಲವರು ಆ ದಾರಿ ಹಿಡಿಯುತ್ತಾರೆ. ನಾನು ಹಿಡಿಯಲಿಲ್ಲ. ವೀಸಾದ ಮೇಲೆ ಸಂಸಾರವೇ ನಿಂತಿರುವಾಗ ವಿನಾಯಿತಿಯ ಒಂದು ಸಾಲನ್ನು ನಂಬಿ ನಡೆಯಲು ನನಗೆ ಮನಸ್ಸಾಗಲಿಲ್ಲ. ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಡೀಲರ್ ಬಳಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, ಆ ರಾಜ್ಯದ ನಿವಾಸಿಯಾಗಿರಬೇಕು.

ಅಂಗಡಿಯಲ್ಲಿ ತುಂಬುವುದು ಫಾರ್ಮ್ 4473. ಅದರ ಮೊದಲ ಪ್ರಶ್ನೆಗಳಲ್ಲೇ ಬರುವುದು, ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಎಂದು. ನಾನು ಪಿಸ್ತೂಲು ಕೊಂಡ ಸುದ್ದಿ ತಿಳಿದು ಒಬ್ಬ ಗೆಳೆಯ, "ದುಡ್ಡು ನಾನು ಕೊಡುತ್ತೇನೆ, ನಿನ್ನ ಹೆಸರಿನಲ್ಲಿ ನನಗೂ ಒಂದು ತೆಗೆದುಕೊಡು" ಎಂದು ಕೇಳಿದ್ದ. ಅವನದು ಎಚ್-1ಬಿ. ಇಲ್ಲವೆಂದೆ, ಅವನು ಕೆಲವು ತಿಂಗಳು ಮುನಿಸಿಕೊಂಡಿದ್ದ. ಬೇರೆಯವರಿಗಾಗಿ ನಮ್ಮ ಹೆಸರಿನಲ್ಲಿ ಕೊಳ್ಳುವುದು ಇಲ್ಲಿ ದೊಡ್ಡ ಅಪರಾಧ. 2022ರ ಜೂನ್‌ನಲ್ಲಿ ಬಂದ ಕಾನೂನು ಇದಕ್ಕೆ 15 ವರ್ಷದವರೆಗೆ ಜೈಲು ಎಂದು ಬಿಡಿಸಿ ಹೇಳಿದೆ. ಗೆಳೆತನದ ದಾಕ್ಷಿಣ್ಯಕ್ಕೆ ಸಿಕ್ಕಬೇಡಿ.

ಫಾರ್ಮ್ ತುಂಬಿದ ಮೇಲೆ ಡೀಲರ್ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣಾ ವ್ಯವಸ್ಥೆಗೆ ವಿವರ ಕಳುಹಿಸುತ್ತಾರೆ. ಅದು 1998ರ ನವೆಂಬರ್ 30ರಿಂದ ನಡೆಯುತ್ತಿದೆ. ಬಹಳ ಜನರಿಗೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬರುತ್ತದೆ. ನನಗೆ "ತಡೆಹಿಡಿಯಲಾಗಿದೆ" ಎಂದು ಬಂತು. ಮುಖ ಬಿಸಿಯಾಯಿತು, ಏನೋ ತಪ್ಪು ಮಾಡಿದವನಂತೆ ನಿಂತೆ. ಆ ಹಿರಿಯರೇ ಸಮಾಧಾನ ಹೇಳಿದರು: ಹೆಸರು ಇನ್ನೊಬ್ಬರ ಹೆಸರಿಗೆ ಹೊಂದಿದರೂ ಹೀಗಾಗುತ್ತದೆ, ಮನೆಗೆ ಹೋಗಿ, ನಾವು ಕರೆಯುತ್ತೇವೆ. ಎರಡನೆಯ ದಿನ ಸಂಜೆ ಕರೆ ಬಂತು. ತಡೆಯೆಂದರೆ ನಿರಾಕರಣೆಯಲ್ಲ. ನಿಮಗೂ ಹಾಗೆ ಬಂದರೆ ಗಾಬರಿಯಾಗಬೇಡಿ.

ಬಳಸಿದ್ದನ್ನೇ ಏಕೆ ಕೊಂಡೆ? ಆ ವರ್ಷ ಹೊಸದು ಸಿಗುವುದೇ ಕಷ್ಟವಾಗಿತ್ತು, ಸಿಕ್ಕರೂ ನೂರೈವತ್ತು ಡಾಲರ್ ಹೆಚ್ಚು. ನನಗೆ ಸಿಕ್ಕಿದ್ದು ನಾಲ್ಕನೆಯ ತಲೆಮಾರಿನ ಗ್ಲಾಕ್ 19, 2012ರ ಸುಮಾರಿನದು, ಒಂದು ಪೊಲೀಸ್ ಇಲಾಖೆಯಲ್ಲಿ ಇದ್ದದ್ದು. ಇಲಾಖೆಗಳು ಹೊಸ ಪಿಸ್ತೂಲು ಕೊಳ್ಳುವಾಗ ಹಳೆಯವನ್ನು ಡೀಲರ್‌ಗಳಿಗೆ ಒಪ್ಪಿಸಿ ಬೆಲೆಯಲ್ಲಿ ಮುರಿದುಕೊಳ್ಳುತ್ತವೆ. ಅವೇ ಇಂಥ ಅಂಗಡಿಗಳಿಗೆ ಬರುತ್ತವೆ. ಇವುಗಳ ಸ್ವಭಾವ ಒಂದೇ: ಹೊರಗೆ ಸವೆದಿರುತ್ತವೆ, ಒಳಗೆ ಹೆಚ್ಚು ಓಡಿರುವುದಿಲ್ಲ. ದಿನವಿಡೀ ಸೊಂಟದ ಹೋಲ್‌ಸ್ಟರಿನಲ್ಲಿ ಉಜ್ಜಿಸಿಕೊಂಡು ಸ್ಲೈಡಿನ ಮೂತಿಯ ಅಂಚಿನಲ್ಲಿ ಕಪ್ಪು ಹೋಗಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಗುಂಡು ಹಾರಿಸಿದ್ದು ಮಾತ್ರ ತರಬೇತಿಯ ದಿನಗಳಲ್ಲಿ.

ನಳಿಗೆ 102 ಮಿಲಿಮೀಟರ್, ಮ್ಯಾಗಜಿನ್‌ಗೆ 15 ಗುಂಡು, 9 ಎಂಎಂ. ಖಾಲಿ ಮ್ಯಾಗಜಿನ್ ಹಾಕಿದಾಗ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ನನ್ನ ಕೈ ದೊಡ್ಡದಲ್ಲ. ಈ ತಲೆಮಾರಿನಿಂದ ಹಿಡಿಯ ಹಿಂಬದಿಯ ಪಟ್ಟಿಯನ್ನು ಬದಲಿಸಬಹುದಾದ್ದರಿಂದ ಅನುಕೂಲವಾಯಿತು.

ಅಂಗಡಿಯಲ್ಲಿ ನಾನು ನೋಡಿದ್ದನ್ನೇ ಹೇಳುತ್ತೇನೆ. ಗ್ಲಾಕ್‌ನಲ್ಲಿ ಹಿಡಿಯಿರುವ ಫ್ರೇಮ್, ಸ್ಲೈಡ್, ನಳಿಗೆ ಮೂರರ ಮೇಲೂ ಸೀರಿಯಲ್ ನಂಬರ್ ಇರುತ್ತದೆ. ಮೂರೂ ಒಂದೇ ಇದ್ದವು. ಬಿಚ್ಚಿ ತೋರಿಸಿ ಎಂದು ಕೇಳಿದೆ. ನಳಿಗೆಯೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದೆ, ಗುಳಿಯಿಲ್ಲ, ಉಬ್ಬಿಲ್ಲ. ಇನ್ನು ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್. ಖಾಲಿಯೆಂದು ಎರಡು ಸಲ ನೋಡಿಕೊಂಡ ಪಿಸ್ತೂಲಿನ ಮೂತಿಯನ್ನು ಸುರಕ್ಷಿತ ದಿಕ್ಕಿಗೆ, ಓರೆಯಾಗಿ ಮೇಲಕ್ಕೆ ಹಿಡಿದು, ಟ್ರಿಗರ್ ಒತ್ತಿಕೊಂಡೇ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಮೆಲ್ಲಗೆ ಮುಂದಕ್ಕೆ ಬಿಡಬೇಕು. ಸ್ಪ್ರಿಂಗ್ ಗಟ್ಟಿಯಿದ್ದರೆ ಸ್ಲೈಡ್ ತಾನಾಗಿ ಕೊನೆಯವರೆಗೆ ಹೋಗಿ ಮುಚ್ಚಿಕೊಳ್ಳುತ್ತದೆ. ನನ್ನದು ಮುಚ್ಚಿಕೊಳ್ಳಲು ಕಾಲು ಇಂಚು ಇರುವಾಗಲೇ ನಿಂತುಬಿಟ್ಟಿತು. ಹಿರಿಯರು ಏನನ್ನೂ ಮುಚ್ಚಿಡದೆ, "ಇದನ್ನು ಬದಲಿಸಿ, ಇಪ್ಪತ್ತು ಚಿಲ್ಲರೆ ಡಾಲರ್" ಎಂದರು. ಅಂದೇ ಬದಲಿಸಿದೆ. ಬಳಸಿದ ಪಿಸ್ತೂಲು ಕೊಳ್ಳುವ ಯಾರೇ ಆಗಲಿ, ಪರೀಕ್ಷೆಯಲ್ಲಿ ಗೆದ್ದರೂ ಸೋತರೂ ಸ್ಪ್ರಿಂಗ್ ಬದಲಿಸುವುದು ಒಳ್ಳೆಯದು. ಹಿಂದಿನವರು ಎಷ್ಟು ಗುಂಡು ಹಾರಿಸಿದ್ದರೆಂದು ಹೇಳುವ ಮೀಟರ್ ಇದರಲ್ಲಿ ಇರುವುದಿಲ್ಲ.

ಗುರಿ ಹಿಡಿಯಲು ಕತ್ತಲಲ್ಲಿ ಹೊಳೆಯುವ ಚುಕ್ಕೆಗಳ ಸೈಟ್ ಇದೆ ಎಂದು ಬೆಲೆಪಟ್ಟಿಯಲ್ಲಿ ಬರೆದಿತ್ತು. ಅಂಗೈಯಲ್ಲಿ ಮುಚ್ಚಿ ನೋಡಿದರೆ ಮುಂದಿನ ಚುಕ್ಕೆ ಮಂಕಾಗಿ ಕಾಣುತ್ತಿತ್ತು, ಹಿಂದಿನ ಎರಡು ಇಲ್ಲವೇ ಇಲ್ಲವೆನ್ನುವಷ್ಟು. ಅದರಲ್ಲಿರುವುದು ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ, ಹನ್ನೆರಡು ವರ್ಷ ಮೂರು ತಿಂಗಳ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಪೊಲೀಸರ ಕೈಯಿಂದ ಬಂದ ಪಿಸ್ತೂಲಿನ ಹೊಳೆಯುವ ಸೈಟ್‌ಗೆ ಒಂದು ಡಾಲರನ್ನೂ ಹೆಚ್ಚಿಗೆ ಕೊಡಬೇಡಿ. ನಾನು ಎರಡನೆಯ ವರ್ಷ ಹೊಸ ಸೈಟ್ ಹಾಕಿಸಿದೆ. ಖರ್ಚು ನೂರು ಡಾಲರಿಗೂ ಮೇಲಾಯಿತು.

ಅಂಗಡಿಯ ಮೇಲೆ ನನಗಿರುವ ದೂರು ಒಂದೇ, ಆದರೆ ಸಣ್ಣದಲ್ಲ. ಪಿಸ್ತೂಲಿನ ಜೊತೆ ಮೂರು ಮ್ಯಾಗಜಿನ್, ಮೂರೂ ಮೂಲ ಕಂಪನಿಯವು ಎಂದು ಮಾಲೀಕರು ಹೇಳಿ ಕೊಟ್ಟರು. ಮೊದಲ ಮುನ್ನೂರು ಗುಂಡಿನಲ್ಲಿ ಆರು ಸಲ ಗುಂಡು ಮೂತಿ ಕೆಳಗೆ ಮಾಡಿ ಸಿಕ್ಕಿಹಾಕಿಕೊಂಡಿತು. ಪಿಸ್ತೂಲೇ ಕೆಟ್ಟದ್ದೆಂದು ಮನಸ್ಸು ಮುದುಡಿತು. ಆಮೇಲೆ ಮ್ಯಾಗಜಿನ್‌ಗಳ ತಳಕ್ಕೆ ಬಿಳಿ ಬಣ್ಣದಲ್ಲಿ 1, 2, 3 ಎಂದು ಬರೆದು ಹಾರಿಸಿದೆ. ಸಿಕ್ಕಿಕೊಂಡದ್ದೆಲ್ಲ ಮೂರನೆಯದರಲ್ಲಿ. ತಳ ಬಿಚ್ಚಿ ನೋಡಿದರೆ ಅದು ಬೇರೆ ಯಾರೋ ತಯಾರಿಸಿದ ಅಗ್ಗದ ಮಾಲು. ತೆಗೆದುಕೊಂಡು ಹೋಗಿ ತೋರಿಸಿದರೆ, ಬಳಸಿದ ಸಾಮಾನಿಗೆ ವಾಪಸಾತಿ ಇಲ್ಲ ಎಂದರು. ಮಾತು ತಪ್ಪಿದ್ದಕ್ಕೆ ಒಂದು ಕ್ಷಮೆಯೂ ಇಲ್ಲ. ಕಪಾಟಿನ ಹಿಂದೆ ನಿಂತಿದ್ದ ಹಿರಿಯರು ಮಾತ್ರ ತಲೆ ತಗ್ಗಿಸಿದ್ದರು. ಆ ಮ್ಯಾಗಜಿನ್ ಅನ್ನು ಕಸಕ್ಕೆ ಹಾಕಿದೆ. ಅದಾದ ಮೇಲೆ ಇಂದಿನವರೆಗೆ, 4,260 ಗುಂಡಿನ ಲೆಕ್ಕದಲ್ಲಿ, ಪಿಸ್ತೂಲು ಎರಡೇ ಸಲ ನಿಂತಿದೆ. ಎರಡೂ ಒಂದೇ ಡಬ್ಬಿಯ ಗುಂಡಿನಲ್ಲಿ. ಪಿಸ್ತೂಲಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅಂಗಡಿಗೆ ಎರಡೂವರೆ.

ಅರ್ಧ ಅಂಕ ಕಡಿದದ್ದು ಒಂದು ಕಾರಣಕ್ಕೆ. ಇದನ್ನು ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಬೆರಳಿನ ಕಡೆಗೆ ಬೇರೆ ಸೇಫ್ಟಿ ಗುಂಡಿಯೂ ಇಲ್ಲ. ಟ್ರಿಗರಿನ ನಡುವಿನ ಚಿಕ್ಕ ನಾಲಿಗೆ ಮತ್ತು ಒಳಗಿನ ಎರಡು ತಡೆಗಳೇ ಎಲ್ಲ. ಬಿದ್ದರೆ ಹಾರದಂತೆ ಅವು ಕಾಯುತ್ತವೆ, ಬೆರಳು ತಪ್ಪಿದರೆ ಕಾಯುವುದಿಲ್ಲ. ಚೇಂಬರಿನಲ್ಲಿ ಒಂದು ಗುಂಡು ಉಳಿದಿದ್ದು ಮರೆತು ಟ್ರಿಗರ್ ಒತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಮ್ಯಾಗಜಿನ್ ತೆಗೆದು ಬೇರೆ ಕೋಣೆಯಲ್ಲಿಟ್ಟು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಅಜ್ಜನನ್ನು ನೆನೆದು ಆಮೇಲೆಯೇ ಬಿಚ್ಚುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಈ ಕ್ರಮ ಬಿಟ್ಟಿಲ್ಲ.

ಖರ್ಚಿನಲ್ಲಿ ಪಿಸ್ತೂಲಿನ ಬೆಲೆ ಸಣ್ಣ ಪಾಲು. 2021ರಲ್ಲಿ ಐವತ್ತು ಗುಂಡಿನ ಡಬ್ಬಿ ಮೂವತ್ತು ಡಾಲರ್ ದಾಟಿತ್ತು, ಈಗ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ತಿಂಗಳಿಗೆ ಒಂದು ಸಲ ರೇಂಜಿಗೆ ಹೋಗಿ ತೊಂಬತ್ತು ಗುಂಡು ಹಾರಿಸುತ್ತೇನೆ. ಕಿವಿಗೆ, ಕಣ್ಣಿಗೆ ರಕ್ಷಣೆ ಬೇಕೇ ಬೇಕು. ಗುಂಡಿನ ಸೀಸದ ಧೂಳು ಕೈಗೂ ಬಟ್ಟೆಗೂ ಅಂಟುತ್ತದೆ; ಬಂದ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆದು ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳುತ್ತೇನೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ ಹೆಚ್ಚಿನವರು ಪರವಾನಗಿಯಿಲ್ಲದೆ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು. ನಾನು ಕಟ್ಟಿಕೊಳ್ಳುವುದಿಲ್ಲ.

ಇನ್ನೊಂದು, ಊರಿಗೆ ಹೋಗಿಬರುವವರಿಗೆ. ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಕೊಡವರಿಗೆ ಮತ್ತು ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯ ವಿನಾಯಿತಿ 2029ರವರೆಗೆ ಮುಂದುವರಿದಿರುವುದು ನಿಜ. ಅದನ್ನು ನೆನೆದು ನಮ್ಮ ಕಡೆಯವರು ಹಗುರವಾಗಿ ಮಾತನಾಡುವುದನ್ನು ಕೇಳಿದ್ದೇನೆ. ಅಮೆರಿಕದಿಂದ ಚೀಲದಲ್ಲಿ ಬಂದ ಗುಂಡಿಗೆ ಅದು ನೆರಳಾಗುವುದಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಹೆಂಡತಿ ಒಪ್ಪಿದ್ದು ಎರಡು ಷರತ್ತಿನ ಮೇಲೆ: ತಿಜೋರಿ ಮೊದಲು ಬರಬೇಕು, ಪಿಸ್ತೂಲು ಆಮೇಲೆ, ತರಬೇತಿಗೆ ಇಬ್ಬರೂ ಹೋಗಬೇಕು. ಎರಡೂ ನಡೆದವು. ತಿಜೋರಿಯನ್ನು ಬಟ್ಟೆ ಕಪಾಟಿನ ಒಳಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದೇವೆ, ಗುಂಡಿಗೆ ಇನ್ನೊಂದು ಬೀಗದ ಪೆಟ್ಟಿಗೆ. ಗಣೇಶನ ಹಬ್ಬಕ್ಕೆ ಮನೆ ತುಂಬ ಮಕ್ಕಳು ಬಂದು ಕಣ್ಣಾಮುಚ್ಚಾಲೆಗೆ ಕಪಾಟಿನೊಳಗೇ ನುಗ್ಗುತ್ತವೆ. ತುಂಬಿದ ಬಂದೂಕು 17 ತುಂಬದ ಮಕ್ಕಳ ಕೈಗೆ ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನನಗೆ ಬೇರೆ ದಾರಿ ಕಾಣುವುದಿಲ್ಲ.

ಆದರೆ ತಿಜೋರಿ ಸಾಲದು ಎನಿಸಿದ ಕಾಲವೂ ಬಂತು. 2023ರಲ್ಲಿ ನನ್ನ ಭಾವಮೈದುನನ ಕೆಲಸ ಹೋಯಿತು. ಎಚ್-1ಬಿಯವರಿಗೆ ಇನ್ನೊಂದು ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ ಅರವತ್ತು ದಿನ. ಅವನು ನಮ್ಮ ಮನೆಗೆ ಬಂದ. ಊಟ ಬಿಟ್ಟ, ರಾತ್ರಿ ಹಾಲ್‌ನಲ್ಲಿ ದೀಪ ಹಾಕದೆ ಕುಳಿತಿರುತ್ತಿದ್ದ. ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅದನ್ನು ನಾನು ತರಬೇತಿಯಲ್ಲಿ ಕೇಳಿದ್ದೆ, ಆ ರಾತ್ರಿಗಳಲ್ಲಿ ಅದು ಅಂಕಿಯಾಗಿ ಉಳಿಯಲಿಲ್ಲ. ಹೆಂಡತಿಯೇ ಹೇಳಿದಳು, "ಅದು ಮನೆಯಲ್ಲಿ ಇರುವುದು ಬೇಡ." ಮರುದಿನ ಬೆಳಿಗ್ಗೆಯೇ ಪಿಸ್ತೂಲನ್ನೂ ಗುಂಡನ್ನೂ ಪ್ಲೇನೋದಲ್ಲೇ ಇರುವ, ಈ ದೇಶದ ಪೌರನಾದ ಗೆಳೆಯನೊಬ್ಬನ ತಿಜೋರಿಗೆ ಒಪ್ಪಿಸಿ ಬಂದೆ. ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ. ಭಾವಮೈದುನನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆವು, ದಿನಾ ಸಂಜೆ ಅವನೊಡನೆ ನಡೆದೆವು. ಐವತ್ತೊಂದನೆಯ ದಿನ ಅವನಿಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತು.

ಅವನು ಹೋಗಿ ಒಂದು ತಿಂಗಳಾದ ಮೇಲೆ, ಅವನ ದನಿ ಫೋನಿನಲ್ಲಿ ಮೊದಲಿನಂತೆ ಕೇಳತೊಡಗಿದ ಮೇಲೆ, ಪಿಸ್ತೂಲನ್ನು ಮರಳಿ ತಂದೆ. ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಮ್ಯಾಗಜಿನ್ ತೆಗೆದು ಒಳಗಿನ ಕೋಣೆಯಲ್ಲಿಟ್ಟು ಬಂದು, ಚೇಂಬರಿನಲ್ಲಿ ಕಿರುಬೆರಳು ಹಾಕಿ ನೋಡಿದೆ. ಹೆಂಡತಿಯೂ ತನ್ನ ಬೆರಳು ಹಾಕಿ ನೋಡಿದಳು. ಮೂತಿಯನ್ನು ಓರೆಯಾಗಿ ಮೇಲಕ್ಕೆ ಹಿಡಿದು ಸ್ಲೈಡನ್ನು ಮೆಲ್ಲಗೆ ಬಿಟ್ಟೆ. ಅದು ಎಲ್ಲೂ ತಡೆಯದೆ ಕೊನೆಯವರೆಗೆ ಹೋಗಿ ಮುಚ್ಚಿಕೊಂಡಿತು.